ಅಂಗಳದಲ್ಲಿ ಮತ್ತೆ ಉಸಿರಾಡುವ ಎಂಜಿನ್

ಕುಪ್ಪೇಲೂರಿನಂಥ ಊರುಗಳಲ್ಲಿ ಮುಂಗಾರಿಗೆ ಮುಂಚಿನ ಬಿಡುವು ಟ್ರ್ಯಾಕ್ಟರ್ ರಿಪೇರಿಯ ಕಾಲ. ಬೇವಿನ ನೆರಳಿಗೆ ಬಂದು ನಿಂತದ್ದು ಹಳೆ ಎಚ್‌ಎಂಟಿ ಟ್ರ್ಯಾಕ್ಟರ್ ಆದರೆ, ಅದಕ್ಕೊಂದು ಚರಿತ್ರೆಯೇ ಇದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಂಪನಿ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದಿಂದ 25 ಅಶ್ವಶಕ್ತಿಯ 2511 ಎಂಬ ಟ್ರ್ಯಾಕ್ಟರ್ ಕಟ್ಟತೊಡಗಿತು. 2016ರಲ್ಲಿ ಆ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಉಳಿದ ಎಂಜಿನ್‌ಗಳ ಆಯುಷ್ಯ ಈಗ ಮೇಸ್ತ್ರಿಯ ಕೈಗುಣದಲ್ಲಿದೆ.

2511ಕ್ಕೆ ಎರಡೇ ಸಿಲಿಂಡರ್. ಸುತ್ತ ನೀರು ಹರಿಯುವ ಸಿಲಿಂಡರಿನ ಒಳಕೊಳವೆ, ಅಂದರೆ ಲೈನರ್, ಸವೆದರೆ ಕಳಚಿ ಹೊಸದು ಕೂರಿಸಿದರಾಯಿತು, ಬ್ಲಾಕ್ ಕೊರೆಸಬೇಕಿಲ್ಲ. ಮನೆಯಲ್ಲೇ ಎಂಜಿನ್ ಕಟ್ಟಲು ಸಾಧ್ಯವಾಗುವುದು ಇದರಿಂದಲೇ. ಆದರೆ ಲೈನರಿನ ರಬ್ಬರ್ ರಿಂಗು ಕೊಂಚ ಮುರುಟಿದರೂ ನೀರು ಇಳಿದು, ಆಯಿಲ್ ಹಾಲು ಬೆರೆಸಿದ ಚಹಾದಂತಾಗುತ್ತದೆ.

ಕ್ರ್ಯಾಂಕ್ ಸವೆದಿದ್ದರೆ ಮಾತ್ರ ಪೇಟೆಯ ವರ್ಕ್‌ಶಾಪ್. ಉಳಿದದ್ದೆಲ್ಲ ಅಂಗಳದಲ್ಲೇ: ಪೇಸ್ಟ್ ಹಚ್ಚಿ ವಾಲ್ವ್ ಉಜ್ಜುವುದು, ಪಿಸ್ಟನ್ ರಿಂಗುಗಳ ಬಾಯಿ ಒಂದೇ ಸಾಲಿಗೆ ಬಾರದಂತೆ ತಿರುಗಿಸಿಡುವುದು, ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಅಂಚಿಗೆ ಹಂತಹಂತವಾಗಿ ಬಿಗಿಯುವುದು. ಎಷ್ಟು ತಾಳ್ಮೆಯ, ಎಷ್ಟು ಸುಂದರ ಕೆಲಸ!

ಕೊನೆಗೆ ಡೀಸೆಲ್ ಪೈಪಿನ ಗಾಳಿ ತೆಗೆದು ಸ್ಟಾರ್ಟ್ ಕೊಡುತ್ತಾರೆ. ಒಂದು ಕೆಮ್ಮು, ಒಂದಿಷ್ಟು ಬಿಳಿ ಹೊಗೆ, ಆಮೇಲೆ ದಡ್ ದಡ್ ಸದ್ದು. ಓಣಿಯ ಹುಡುಗರೆಲ್ಲ ಓಡಿ ಬರುತ್ತಾರೆ.