ಎದೆಬಡಿತವೋ, ಎದೆಯ ಮಾತೋ?

ಕಳೆದ ಚಳಿಗಾಲದಲ್ಲಿ ನಮ್ಮ ತಾಯಿಯವರನ್ನು ಇಲ್ಲಿ ಪುಣೆಯಲ್ಲೇ ಒಂದು ವಸ್ತುಪ್ರದರ್ಶನಕ್ಕೆ ಕರೆದೊಯ್ದಿದ್ದೆ. ಅಲ್ಲಿ ವಿ.ಆರ್. ಕನ್ನಡಕ ಹಾಕಿಸಿ ಹಂಪಿ ತೋರಿಸುತ್ತಿದ್ದರು. ವಿರೂಪಾಕ್ಷನ ಗೋಪುರ ಎದುರಾದೊಡನೆ ತಾಯಿ ಸದ್ದಿಲ್ಲದೆ ಚಪ್ಪಲಿ ಕಳಚಿದರು. ಆಮೇಲೆ ಪ್ರಶ್ನಾವಳಿ ಬಂತು: "ಅಲ್ಲಿಯೇ ಇದ್ದಂತೆ ಅನಿಸಿತೇ? 1ರಿಂದ 7ರೊಳಗೆ ಅಂಕ ಕೊಡಿ." ಅವರು ಕೊಟ್ಟದ್ದು ಮೂರು. "ಗುಡಿ ಏನೋ ಕಂಡ್ತಪಾ, ಆದ್ರ ಕರ್ಪೂರದ ವಾಸನೀನ ಬರಲಿಲ್ಲಲ್ಲ!"

ಹಾಗಾದರೆ ನಂಬಬೇಕಾದದ್ದು ಚಪ್ಪಲಿಯನ್ನೋ, ಅಂಕವನ್ನೋ?

ಈ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿದೆ. ಯಂತ್ರ ಕಟ್ಟಿದ ಮಾಯಾಲೋಕದಲ್ಲಿ 'ನಾನಿದ್ದೇನೆ' ಎಂಬ ಭಾವವನ್ನು ಅಳೆಯಲು ವಿಟ್ಮರ್ ಮತ್ತು ಸಿಂಗರ್ 1998ರಲ್ಲಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. 2000ದಲ್ಲಿ ಲಂಡನ್ನಿನ ಸ್ಲೇಟರ್ ಮತ್ತು ಸಂಗಡಿಗರು ಅದನ್ನೇ ಪರೀಕ್ಷೆಗೆ ಒಡ್ಡಿದರು. 20 ಜನರಲ್ಲಿ ಅರ್ಧದಷ್ಟು ಮಂದಿ ನಿಜವಾದ ಕಚೇರಿಯಲ್ಲಿ, ಉಳಿದವರು ಅದರ ಮಾಯಾಪ್ರತಿಯಲ್ಲಿ ಒಂದು ಪೆಟ್ಟಿಗೆ ಹುಡುಕಿದರು. ಆ ಪ್ರಶ್ನಾವಳಿಯ ಅಂಕಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ! ಕಚೇರಿಯಲ್ಲೇ ಆಯುಷ್ಯ ಸವೆಸಿದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ದಿನವಿಡೀ ಕುರ್ಚಿಯಲ್ಲಿದ್ದರೂ 'ಇಲ್ಲಿದ್ದೀರಾ?' ಎಂದರೆ ಏಳಕ್ಕೆ ಏಳು ಕೊಡಲಾರೆ.

ಇದಕ್ಕೆ ಪರಿಹಾರವೆಂಬಂತೆ 2002ರಲ್ಲಿ ಅಮೆರಿಕೆಯ ನಾರ್ತ್ ಕೆರೊಲಿನಾದ ಮೀಹನ್ ಮತ್ತಿತರರು ಜನರನ್ನು ಮಾಯಾಪ್ರಪಾತದ ಅಂಚಿನಲ್ಲಿ ನಿಲ್ಲಿಸಿ ಎದೆಬಡಿತ ಎಣಿಸಿದ ಪ್ರಯೋಗವನ್ನು ಪ್ರಕಟಿಸಿದರು. ಬಡಿತ ಏರಿತು. ಕಾಲಡಿಗೆ ನಿಜವಾದ ಮರದ ಹಲಗೆಯ ಅಂಚು ಸಿಕ್ಕಾಗ ಇನ್ನಷ್ಟು ಏರಿತು. ಇದು ವಸ್ತುನಿಷ್ಠ ಅಳತೆ, ಒಪ್ಪೋಣ. ಆದರೆ ಭಯಕ್ಕೆ ಹೊಂದಿದ ಈ ಅಳತೆಗೋಲು ಭಕ್ತಿಗೆ, ಶಾಂತಿಗೆ, ಊರಿನ ಹಂಬಲಕ್ಕೆ ಹೊಂದೀತೇ? ಅಲ್ಲಿ ಎದೆ ಓಡುವುದಿಲ್ಲ, ನಿಲ್ಲುತ್ತದೆ.

ನಮ್ಮ ಭರತಮುನಿ ಈ ತೊಡಕನ್ನು ಬಲ್ಲವನಾಗಿದ್ದ. ನಾಟಕ ಗೆದ್ದಿತೇ ಎಂಬುದಕ್ಕೆ ನಾಟ್ಯಶಾಸ್ತ್ರದಲ್ಲಿ ಎರಡು ಬಗೆಯ ಸಿದ್ಧಿಗಳನ್ನು ಹೇಳುತ್ತಾನೆ. ಪ್ರೇಕ್ಷಕರ ನಗೆ, 'ಅಹೋ' ಎಂಬ ಉದ್ಗಾರ, ರೋಮಾಂಚ ಇವು ಮಾನುಷೀ ಸಿದ್ಧಿ. ರಂಗಮಂದಿರ ತುಂಬಿದ್ದೂ ಗದ್ದಲವಿಲ್ಲದಿರುವುದು ದೈವಿಕೀ ಸಿದ್ಧಿ. ಸದ್ದನ್ನು ಎಣಿಸಬಹುದು, ಮೌನವನ್ನು ಅರಿಯಬೇಕು. ಅದಕ್ಕೆಂದೇ ಆಯಾ ವಿಷಯ ಬಲ್ಲ ಪ್ರಾಶ್ನಿಕರನ್ನೂ ಆತ ನೇಮಿಸಿದ.

ತಾಯಿ ಚಪ್ಪಲಿ ಕಳಚಿದ್ದು ಆ ಯಂತ್ರದ ಗೆಲುವು. ಕರ್ಪೂರವಿಲ್ಲವೆಂದದ್ದು ಅದರ ಕೊರತೆ. ಎರಡೂ ಸತ್ಯ, ಎರಡೂ ಲೆಕ್ಕಕ್ಕೆ ಬರಬೇಕು. ಆದರೆ ಅಂಕ ಬರೆದುಕೊಂಡವರು ಕಾಲನ್ನೂ ನೋಡಲಿಲ್ಲ, 'ಮೂರೇಕೆ, ಅಮ್ಮಾ?' ಎಂದೂ ಕೇಳಲಿಲ್ಲ. ಊರಿನಿಂದ ದೂರವಿರುವ ನಮ್ಮ ಹಿರಿಯರಿಗೆ ನಾಳೆ ಇಂಥ ಕನ್ನಡಕಗಳೇ ಊರು ತೋರಿಸಬಹುದು. ಆಗ ಅಳೆಯುವವರು ಮೊದಲು ಅವರ ಪಕ್ಕದಲ್ಲಿ ಕೂತು ಅವರ ಮಾತು ಕೇಳಲಿ.