ಬೊಮ್ಮನನ್ನು ಉಳಿಸಿದ ಕಾಗದ

ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ (1992) ನಮ್ಮಲ್ಲಿ ಹೆಚ್ಚಿನವರಿಗೆ ಬೊಮ್ಮನ ಪುಸ್ತಕ. ಹನ್ನೆರಡನೆಯ ಶತಮಾನದ ಮಂಗಳೂರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಗೆ ಆಳಾಗಿದ್ದು, ಅವನ ಸರಕು ಹೊತ್ತು ಏಡನ್‌ಗೆ ಹೋಗಿಬರುತ್ತಿದ್ದವನು. ಸ್ವರಚಿಹ್ನೆಗಳಿಲ್ಲದ ಕೆಲವೇ ಹೀಬ್ರೂ ಅಕ್ಷರಗಳಲ್ಲಿದ್ದ ಆ ಹೆಸರು ‘ಬೊಮ್ಮ’ ಎಂದು ಗೊತ್ತಾಗಲು ಬಿ. ಎ. ವಿವೇಕ ರೈ ಅವರ ತುಳು ತಿಳಿವಳಿಕೆ ಬೇಕಾಯಿತು. ಈ ಪತ್ತೇದಾರಿಯನ್ನು ಘೋಷ್ ಬರೆದಿರುವ ರೀತಿಗೆ ಸೋಲದವರು ಕಡಿಮೆ.

ನನ್ನ ತಕರಾರು ಬೇರೆ. ಎಂಟುನೂರು ವರ್ಷ ಆ ಕಾಗದಗಳನ್ನು ಕಾಪಾಡಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ, ಅಂದರೆ ಸವೆದ ಬರಹಗಳನ್ನು ಹಾಕುವ ಕೋಣೆ. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಹರಿದು ಬಿಸಾಡುವಂತಿಲ್ಲ, ಹೂಳಬೇಕು. ಘೋಷ್ ಇದನ್ನು ಬೇಗ ಹೇಳಿ ಮುಗಿಸಿ, 1896-97ರಲ್ಲಿ ಸಾಲೊಮನ್ ಶೆಕ್ಟರ್ ಆ ಕೋಣೆಯನ್ನು ಕೇಂಬ್ರಿಜ್‌ಗೆ ಸಾಗಿಸಿದ ಕತೆಗೆ ಹೊರಡುತ್ತಾರೆ. ವಸಾಹತುಶಾಹಿಯ ಬಗ್ಗೆ ಅವರ ಸಿಟ್ಟು ನ್ಯಾಯವೇ. ಆದರೆ ವ್ಯಾಪಾರಿಯ ಲೆಕ್ಕಚೀಟಿ ಧರ್ಮಗ್ರಂಥದ ಪಕ್ಕ ಬಂದು ಬಿದ್ದದ್ದು ಹೇಗೆ?

ತೋರಾದ ಸುರುಳಿಯನ್ನು ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕು. ಒಂದಕ್ಷರ ಬಿಟ್ಟುಹೋದರೂ ಸಭೆಯಲ್ಲಿ ಓದಲು ಅದು ಸಲ್ಲದು. ಬೆರಳು ತಾಗಿಸದೆ ಕಡ್ಡಿಯಿಂದ ಸಾಲು ತೋರಿಸುತ್ತಾ ವಾರಕ್ಕೊಂದು ಭಾಗ ಓದುತ್ತಾರೆ. ವರ್ಷಕ್ಕೆ ಮುಗಿದರೆ ಆ ಹಬ್ಬದಲ್ಲೇ ಮತ್ತೆ ಮೊದಲಿನಿಂದ ಶುರು. ಅಕ್ಷರದಲ್ಲಿ ಇಷ್ಟು ಬಿಗಿ. ಅರ್ಥದಲ್ಲಿ ಮಾತ್ರ ಜಗಳವೋ ಜಗಳ. ತಾಲ್ಮುದ್‌ನ ಪುಟದಲ್ಲಿ ಮೂಲ ನಡುವೆ, ಸುತ್ತ ವ್ಯಾಖ್ಯಾನಗಳು, ವಾದದಲ್ಲಿ ಸೋತವರ ಮಾತಿಗೂ ಜಾಗ. ಕೊನೆಗೆ ಆ ಪಾವಿತ್ರ್ಯ ಲಿಪಿಗೂ ಹಬ್ಬಿತು. ಬೆನ್ ಯಿಜು ಬರೆದದ್ದು ಅರಬ್ಬಿ ಭಾಷೆ, ಲಿಪಿ ಹೀಬ್ರೂ. ಹಾಗಾಗಿ ಅಡಿಕೆ, ಮೆಣಸಿನ ಲೆಕ್ಕವೂ ಗೆನಿಜಾ ಸೇರಿತು. (ಹನ್ನೊಂದು ತಿಂಗಳ ಕರಾರು ಮುಗಿದಾಗಲೆಲ್ಲ ಮನೆ ಬದಲಿಸುವ ವೇಲಚೇರಿಯ ನಾವು ಮೊದಲು ಕೆಜಿ ಲೆಕ್ಕಕ್ಕೆ ಹಾಕುವುದೇ ಕಾಗದ.)

ನಮ್ಮಲ್ಲೂ ಓಲೆಗರಿಗೆ ಪೂಜೆ ಇತ್ತು. ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ವಚನದ ಕಟ್ಟುಗಳನ್ನು ಹುಡುಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕಿಸುವವರೆಗೆ ಎಷ್ಟೋ ಕಟ್ಟುಗಳು ಬಿಚ್ಚದೇ ಉಳಿದಿದ್ದವು. ಅಲ್ಲಿ ಗೆನಿಜಾ ಬೇಕಾದದ್ದು ಗ್ರಂಥ ಸವೆಯುವಷ್ಟು ಓದಿದ್ದರಿಂದ. ಈ ವ್ಯತ್ಯಾಸದ ಬಗ್ಗೆ ಘೋಷ್‌ರಂಥ ಲೇಖಕ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಆಶುವಿನ ವಿಷಯವೂ ಇಲ್ಲಿಗೇ ಬಂದು ತಾಗುತ್ತದೆ. 1132ರಲ್ಲಿ ಮಂಗಳೂರಲ್ಲೇ ಬೆನ್ ಯಿಜು ಆಕೆಯನ್ನು ದಾಸ್ಯದಿಂದ ಬಿಡಿಸಿದ ಪತ್ರ ಉಳಿದಿದೆ. ಅವಳು ಅವನ ಮಕ್ಕಳ ತಾಯಿ ಎಂದೇ ವಿದ್ವಾಂಸರ ಎಣಿಕೆ. ಧರ್ಮಶಾಸ್ತ್ರ ಅವಳಿಗೆ ಬಿಡುಗಡೆಯನ್ನೂ ಬೆರಾಖಾ ಎಂಬ ಹೊಸ ಹೆಸರನ್ನೂ ಕೊಟ್ಟಿತು. ಆದರೆ ಅವಳಾಡಿದ ಒಂದು ಮಾತೂ ಆ ಕೋಣೆಯಲ್ಲಿಲ್ಲ, ಬೊಮ್ಮನದೂ ಇಲ್ಲ. ಗೆನಿಜಾ ಕಾದದ್ದು ತನ್ನ ಅಕ್ಷರದಲ್ಲಿ ಬರೆದವರನ್ನು. ಬೊಮ್ಮನ ಬಗ್ಗೆ ಅಷ್ಟು ಧಾರಾಳವಾಗಿ ಊಹಿಸುವ ಘೋಷ್, ಆಶುವಿನ ವಿಷಯದಲ್ಲಿ ಕೆಲವೇ ಪುಟಕ್ಕೆ ನಿಂತುಬಿಡುತ್ತಾರೆ. ಮರು ಓದಿಗೆ ಕೂರುವವರು ಆ ಪುಟಗಳನ್ನೇ ಮೊದಲು ತೆಗೆಯಿರಿ.