ವಿಶ್ವದ ಅಳತೆಗೆ ಉಪಮೆಯ ಕೋಲು

ವಿಶ್ವದ ವಿಸ್ತರಣವನ್ನು ಕುರಿತು ಕನ್ನಡದಲ್ಲಿ ಬರುವ ಲೇಖನಗಳನ್ನು ನಾನು ಆಸಕ್ತಿಯಿಂದ ಓದುತ್ತೇನೆ. ಗುರುತ್ವದ ಅಲೆಗಳ ಮಾತು ಬಂದೊಡನೆ ಅಲ್ಲಿ ‘ಬ್ರಹ್ಮಾಂಡದ ಸಂಗೀತ’ ಮೊಳಗುತ್ತದೆ. ಮಾತೇನೋ ಇಂಪಾಗಿದೆ, ಅದರಿಂದ ವಾಚಕರಿಗೆ ತಿಳಿದದ್ದೇನು? ಪದ್ಯಪಾಠದಲ್ಲಿ ಉಪಮೆ ಬಂದಾಗ ಸಾಧಾರಣಧರ್ಮ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳುವ ನಾನು ಇಲ್ಲಿಯೂ ಅದನ್ನೇ ಕೇಳಬೇಕಾಗಿದೆ.

ವಿಜ್ಞಾನಿಗಳು ಈ ಅಲೆಗಳ ಮೂಲವನ್ನು ‘ಸೈರನ್’ ಎಂದು ಕರೆದಿದ್ದಾರೆ. ಇದು ಬರಿಯ ಅಲಂಕಾರವಲ್ಲ. ಕಾರ್ಖಾನೆಯ ಸೈರನ್ ಎಷ್ಟು ಜೋರಾಗಿ ಕೂಗುತ್ತದೆಂದು ಮೊದಲೇ ತಿಳಿದಿದ್ದರೆ, ಕಿವಿಗೆ ಬಿದ್ದ ಸದ್ದಿನಿಂದ ಅದರ ದೂರವನ್ನು ಹೇಳಬಹುದು. ಹಾಗೆಯೇ ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತುತ್ತ ಕೂಡಿಕೊಳ್ಳುವಾಗ, ಅಲೆಯ ಕಂಪನ ಏರುವ ರೀತಿ ಮೂಲದ ಬಲವನ್ನು ತಿಳಿಸುತ್ತದೆ. ನಮ್ಮನ್ನು ಮುಟ್ಟಿದ ಅಲೆಯ ಪ್ರಮಾಣ ದೂರವನ್ನು ತಿಳಿಸುತ್ತದೆ. ಸಾಮ್ಯ ಇಷ್ಟೇ. ಅಲ್ಲಿ ಸದ್ದಿಲ್ಲ, ಅಲುಗುವುದು ದೇಶಕಾಲಗಳೇ.

2017ರ ಆಗಸ್ಟ್ 17ರಂದು ಅಮೆರಿಕದ ಲೈಗೋ ಮತ್ತು ಇಟಲಿಯ ವರ್ಗೋ ಯಂತ್ರಗಳು ಗುರುತಿಸಿದ ಅಂಥ ಅಲೆ, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಎಂಬ ಗೆಲಾಕ್ಸಿಯಿಂದ ಬಂದದ್ದು. ದೂರವನ್ನು ಅಲೆ ಹೇಳಿತು. ವೇಗವನ್ನು, ಕೆಂಪಿನ ಕಡೆಗೆ ಸರಿದ ಗೆಲಾಕ್ಸಿಯ ಬೆಳಕು ಹೇಳಿತು. ಫಲಿತಾಂಶ: ಪ್ರತಿ 32.6 ಲಕ್ಷ ಜ್ಯೋತಿರ್ವರ್ಷಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ವೇಗ.

ಕಥೆಯ ತಿರುಳಿರುವುದು ಇಲ್ಲಿ. ವಿಶ್ವದ ಆದಿಯಿಂದ ಉಳಿದ ವಿಕಿರಣವನ್ನು ಆಧರಿಸಿದವರ ಲೆಕ್ಕ 67. ಹತ್ತಿರದ ನಕ್ಷತ್ರಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಅಳೆದವರ ಲೆಕ್ಕ ಸುಮಾರು 73. ಸೈರನ್ನಿನ 70 ನಡುವೆ ನಿಂತ ಮಧ್ಯಸ್ಥನಂತೆ ತೋರುತ್ತದೆ. ಆದರೆ ಅದರ ಅನಿಶ್ಚಯ 62ರಿಂದ 82ರವರೆಗೆ ಚಾಚಿದೆ. ಎರಡು ಪಕ್ಷಗಳೂ ಅದರೊಳಗೇ ಅಡಗುತ್ತವೆ. ಒಂದೇ ಸಾಕ್ಷಿಯಿಂದ ತೀರ್ಪು ಬರಲಾರದು.

2007ರಲ್ಲಿ ಮೊದಲು ವರದಿಯಾದ ‘ರೇಡಿಯೋ ಸ್ಫೋಟ’ ಇನ್ನೊಂದು ಸಾಕ್ಷಿ. ಇಲ್ಲಿ ‘ಸ್ಫೋಟ’ ಎಂಬ ಪದದ ಆರ್ಭಟ ಮುಖ್ಯ ಸಂಗತಿಯನ್ನು ಮರೆಸುತ್ತದೆ. ಉಪಯೋಗಕ್ಕೆ ಬರುವುದು ಸಿಡಿತವಲ್ಲ, ತಡ. ಮಿಲಿಸೆಕೆಂಡುಗಳ ಆ ಮಿಡಿತದಲ್ಲಿ ಹೆಚ್ಚು ಕಂಪನದ ಅಲೆಗಳು ಮೊದಲು, ಕಡಿಮೆಯವು ಆಮೇಲೆ ಬರುತ್ತವೆ. ಆ ಅಂತರ ದಾರಿಯಲ್ಲಿರುವ ಎಲೆಕ್ಟ್ರಾನುಗಳ ಲೆಕ್ಕ. ಮೂಲದ ಗೆಲಾಕ್ಸಿ ಸಿಕ್ಕರೆ, ಅದರ ಬೆಳಕಿನೊಡನೆ ಹೋಲಿಸಿ ವಿಸ್ತರಣವನ್ನು ಪರೀಕ್ಷಿಸಬಹುದು. ಎಲೆಕ್ಟ್ರಾನುಗಳು ಎಲ್ಲೆಡೆ ಸಮವಾಗಿ ಹರಡಿಲ್ಲವೆಂಬುದೇ ತೊಡಕು.

67 ಮತ್ತು 73 ಹೊಂದದಿರುವುದಕ್ಕೆ ಅಳತೆಯ ತಪ್ಪು ಕಾರಣವಿರಬಹುದು. ಇಲ್ಲವೇ ವಿಶ್ವವನ್ನು ಕುರಿತ ನಮ್ಮ ತಿಳಿವಳಿಕೆಯೇ ತಪ್ಪಿರಬಹುದು. ಸಂಗೀತವೆಂದು ತಲೆದೂಗಿಸುವ ಬರಹ ಓದುಗನನ್ನು ಈ ವ್ಯಾಜ್ಯದಿಂದ ಹೊರಗಿಡುತ್ತದೆ. ನಮ್ಮ ವಿಜ್ಞಾನಲೇಖಕರ ಕಲ್ಪನೆಗೆ ನನ್ನ ಆಕ್ಷೇಪವಿಲ್ಲ; ಉಪಮೆ ಎಲ್ಲಿ ಮುಗಿಯುತ್ತದೆಂಬುದನ್ನೂ ಅವರು ಹೇಳಲಿ.